ಭಾವ ಫ್ಯಾನನ್ನು ಮಬ್ಬಾಗಿಸಿದ್ದು

ಗಾಳಿಯನ್ನು ಮಬ್ಬು ಮಾಡಬಹುದೇ ಎಂಬ ಪ್ರಶ್ನೆಯನ್ನು ಈ ಭೂಮಿಯ ಮೇಲೆ ಅದುವರೆಗೆ ಯಾರೂ ಕೇಳಿರಲಿಲ್ಲ. ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ನಮ್ಮ ಭಾವನ ಕಸುಬು.

ಹೊಟ್ಟೆಪಾಡಿನ ಕಸುಬು ಕನ್ನಡಕದ ಅಂಗಡಿಯಲ್ಲಿ. ಸಂಜೆಯಾದರೆ ಮಾತ್ರ ಅವರು ನಮ್ಮ ನಾಟಕ ತಂಡದ ದೀಪದವರು. ನಾವು ನಾಟಕ ಆಡುವ ಹಳೇ ಸಭಾಂಗಣದ ಹಿಂಗೋಡೆಯಲ್ಲಿ, ಜನರ ತಲೆಗಿಂತ ಮೇಲೆ, ಮರದ ಏಣಿ ಹತ್ತಿ ಹೋಗುವ ಒಂದು ಗೂಡಿದೆ. ಅಲ್ಲೊಂದು ಬೋರ್ಡು, ಬೋರ್ಡಿನ ತುಂಬ ಸಾಲಾಗಿ ಹಿಡಿಕೆಗಳು. ಒಂದೊಂದು ಹಿಡಿಕೆಗೆ ಒಂದೊಂದು ದೀಪ. ಮೇಲೆ ತಳ್ಳಿದರೆ ರಂಗದ ಮೇಲೆ ಬೆಳಗಾಗುತ್ತದೆ, ಮೆಲ್ಲಗೆ ಕೆಳಗೆಳೆದರೆ ಸಂಜೆಯಾಗುತ್ತದೆ. ವರ್ಷಗಟ್ಟಲೆ ಸೂರ್ಯನನ್ನು ಬೆರಳ ತುದಿಯಿಂದ ಮುಳುಗಿಸಿದ ಮನುಷ್ಯನಿಗೆ ಸ್ವಲ್ಪ ಜಂಭ ಬರುವುದು ಸಹಜವೇ. ಭಾವನಿಗೆ ಸ್ವಲ್ಪ ಹೆಚ್ಚೇ ಬಂದಿತ್ತು.

ಆ ಗೂಡಿನಲ್ಲಿ, ಭಾವನ ನೆತ್ತಿಯ ಮೇಲೆ, ಗೋಡೆಗೆ ಕೂರಿಸಿದ ಒಂದು ದೊಡ್ಡ ಫ್ಯಾನಿತ್ತು. ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ಎಸೆಯುವುದು ಅದರ ಕೆಲಸ. ಎಸೆಯುವಾಗ ಅದು ಗರಗರ ಗರಗರ ಎಂದು ಮಾಡುವ ಸದ್ದಿಗೆ ಗಾಳಿ ತಾನಾಗಿಯೇ ಹೆದರಿ ಓಡುತ್ತಿತ್ತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಭಾವ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದರು. ಹಾಗಾಗಿ ಮಾತು ಕೇಳಿ ದೀಪ ಹಾಕುವ ಪ್ರಶ್ನೆಯೇ ಇರಲಿಲ್ಲ. ಪರದೆ ಎಳೆಯುವವನು ನಾನು. ರಂಗದ ಪಕ್ಕದ ಕತ್ತಲಲ್ಲಿ ನಿಂತು ನಾನು ಅಂಗೈ ಬಿಚ್ಚಿದರೆ ಬೆಳಕು, ಮೆಲ್ಲಗೆ ಮುಷ್ಟಿ ಕಟ್ಟಿದರೆ ಕತ್ತಲು, ಕೈ ಪಟಪಟ ಆಡಿಸಿದರೆ ಮಿಂಚು. ಇಷ್ಟರಲ್ಲೇ ನಮ್ಮ ಸಂಸಾರ ಸಾಗಿತ್ತು.

ಈ ಸಲದ ನಾಟಕ ಸಮುದ್ರದ ದಡದ ಒಂದು ಮನೆಯದು. ಹಡಗು ಹತ್ತಿ ಹೋದ ಗಂಡನಿಗಾಗಿ ಕಾದು ಕಾದು ಹಾಸಿಗೆ ಹಿಡಿದ ಹೆಂಗಸಿನ ಕಥೆ. ಆ ಹೆಂಗಸಿನ ಪಾತ್ರ ಅಕ್ಕನಿಗೆ ಸಿಕ್ಕಿತ್ತು. ಅಕ್ಕ ಎಂದರೆ ನನ್ನ ಸ್ವಂತ ಅಕ್ಕ, ಭಾವನ ಹೆಂಡತಿ. ಅದುವರೆಗೆ ಅವಳು ತಟ್ಟೆ ತಂದಿಟ್ಟು ಒಳಗೆ ಹೋಗುವ, ಕಸ ಗುಡಿಸುತ್ತ ಒಳಗೆ ಹೋಗುವ, ಸುಮ್ಮನೆ ಬಂದು ಒಳಗೆ ಹೋಗುವ ಪಾತ್ರಗಳನ್ನೆಲ್ಲ ಮುಗಿಸಿದ್ದಳು. ಈಗ ನಾಟಕವಿಡೀ ಮಲಗಿದ್ದು, ಕೊನೆಗೆ ಸಾಯುವ ಮುಂಚೆ ಒಂದು ಮಾತು. ಒಂದೇ ಒಂದು. ಅದೂ ಪಿಸುಮಾತು. ಆ ಮಾತನ್ನು ಅಕ್ಕ ಒಲೆಯ ಮುಂದೆ, ಬಚ್ಚಲಲ್ಲಿ, ಬಟ್ಟೆ ಒಣಗಿಸುವಾಗ ತುಟಿಯಲ್ಲೇ ಅಭ್ಯಾಸ ಮಾಡುವುದನ್ನು ನಾನೇ ಕಂಡಿದ್ದೇನೆ.

ತಾಲೀಮಿನ ದಿನ ಅಕ್ಕ ಬಾಯಿ ತೆರೆದಳು. ಗರಗರ ಗರಗರ. ಅಕ್ಕ ಬಾಯಿ ಮುಚ್ಚಿ ಸತ್ತಳು.

"ಏನಂದಳು?" ಎಂದು ನಿರ್ದೇಶಕರು ಹೌಹಾರಿ ಕೇಳಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮಮ್ಮ ಹೇಳಿದರು. "ಬಾಯಂತೂ ತೆಗೆದಳಪ್ಪ. ಆಕಳಿಕೆನೋ ಮಾತೋ, ದೇವರಿಗೇ ಗೊತ್ತು."

"ಜೋರಾಗಿ ಹೇಳಮ್ಮಾ!"

"ಸಾಯೋಳು ಯಾರಾದ್ರೂ ಕಿರುಚ್ತಾರಾ ಸಾರ್?" ಎಂದಳು ಅಕ್ಕ. ಅದೂ ನ್ಯಾಯವೇ. ಫ್ಯಾನು ನಿಲ್ಲಿಸೋಣವೆಂದರೆ ಸಭಾಂಗಣಕ್ಕೆ ಒಂದೂ ಕಿಟಕಿಯಿಲ್ಲ. ಜನ ಒಳಗಿರುವ ತನಕ ಫ್ಯಾನು ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಬೀಗ ಜಡಿಯುತ್ತೇವೆ ಎಂದು ಅಗ್ನಿಶಾಮಕದ ಸಾಹೇಬರು ಖಡಾಖಂಡಿತವಾಗಿ ಹೇಳಿಹೋಗಿದ್ದರು.

ನಿರ್ದೇಶಕರು ತಲೆ ಕೆರೆದುಕೊಂಡರು. "ಹಾಗಾದ್ರೆ ಆ ಮಾತನ್ನ ಡಾಕ್ಟರ್ ಪಾತ್ರಕ್ಕೆ ಕೊಟ್ಬಿಡ್ತೀನಿ. ಆಕೆ ಹೀಗಂದಳು ಅಂತ ಅವನೇ ಜನಕ್ಕೆ ಹೇಳಲಿ. ಅವನ ಗಂಟಲು ಪಕ್ಕದ ಬೀದಿಗೂ ಕೇಳತ್ತೆ."

ಡಾಕ್ಟರ್ ಪಾತ್ರದವನು ಅಲ್ಲೇ ಗಂಟಲು ಸರಿಮಾಡಿಕೊಂಡು ತೋರಿಸಿದ. ನಾನು ಅಕ್ಕನ ಮುಖ ನೋಡಿದೆ. ಸಾಯುವ ದೃಶ್ಯದಲ್ಲಿ ಕೂಡ ಅಷ್ಟು ಚೆನ್ನಾಗಿ ಅವಳು ಸತ್ತಿರಲಿಲ್ಲ.

ಮನೆಗೆ ಬಂದು ಅಕ್ಕ ಭಾವನ ಎದುರು ನಿಂತಳು. "ರೀ, ನಿಮ್ಮ ತಲೆ ಮೇಲಿರೋ ಆ ರಾಕ್ಷಸನ ಬಾಯಿ ಮುಚ್ಚಿಸೋಕೆ ಆಗತ್ತೋ ಇಲ್ವೋ?"

ಭಾವ ಎದೆ ಸೆಟೆಸಿದರು. "ಸೂರ್ಯನ್ನೇ ಇಳಿಸೋನು ನಾನು. ಫ್ಯಾನು ಯಾವ ಮಹಾ! ನಿನ್ನ ಮಾತು ಕೊನೇ ಸಾಲಿಗೆ ಕೇಳಿಸದೇ ಇದ್ರೆ ಕೇಳು."

ಮರುದಿನ ಏಣಿ ಹಿಡಿಯಲು ನನ್ನನ್ನು ಕರೆದುಕೊಂಡು ಹೋದರು. ಬೋರ್ಡಿನಲ್ಲಿ ಚಂದ್ರನ ಹಿಡಿಕೆ ಖಾಲಿಯಿತ್ತು, ಈ ನಾಟಕದಲ್ಲಿ ಚಂದ್ರನಿರಲಿಲ್ಲ. ಭಾವ ಫ್ಯಾನಿನ ವೈರನ್ನು ಅದರ ಸ್ವಿಚ್ಚಿನಿಂದ ಬಿಡಿಸಿ ತಂದು ಚಂದ್ರನಿಗೆ ಜೋಡಿಸಲು ಶುರುಮಾಡಿದರು.

"ಭಾವ, ಇದು ದೀಪಕ್ಕೆ ಮಾಡಿದ ಹಿಡಿಕೆ ಅಲ್ವಾ?" ಎಂದೆ.

"ಕರೆಂಟಿಗೇನು ಗೊತ್ತಯ್ಯ, ದೀಪಕ್ಕೆ ಹೋಗ್ತಿದೀನೋ ಫ್ಯಾನಿಗೆ ಹೋಗ್ತಿದೀನೋ ಅಂತ?"

"ಮೇನ್ ಆಫ್ ಮಾಡಿದೀರಾ?"

ಉತ್ತರದ ಬದಲು ಮೇಲಿನಿಂದ "ಹಾ!" ಎಂಬ ಸಣ್ಣ ಉದ್ಗಾರ ಬಂತು. ಏಣಿ ಅದುರಿತು. ಭಾವನ ಕೂದಲು ಬಾಚಣಿಗೆಯ ಮಾತು ಮೀರಿ ಎದ್ದು ನಿಂತಿತ್ತು. ನಾನು ಕಂಗಾಲಾಗಿ ಕೂಗಿಕೊಂಡೆ.

"ಏನಿಲ್ಲ, ಏನಿಲ್ಲ. ಸ್ವಲ್ಪ ಪರಿಚಯ ಆಯ್ತು" ಎಂದು ಬೆರಳು ಕೊಡವಿ ಭಾವ ಕೆಲಸ ಮುಂದುವರಿಸಿದರು. ಮೇನ್ ಆಫ್ ಮಾಡಿದ್ದು ಆಮೇಲೆ, ಅದೂ ನಾನೇ ಓಡಿ ಹೋಗಿ.

ಆದರೆ ಚಂದ್ರನ ಹಿಡಿಕೆ ಕೆಳಗಿಳಿದಾಗ ಆದದ್ದನ್ನು ನೋಡಿ ನಾನೇ ಬೆಕ್ಕಸಬೆರಗಾದೆ. ಫ್ಯಾನು ನಿಧಾನವಾಯಿತು! ಗರಗರ ಕರಗಿ ಹೋಗಿ "ಹ್ಞೂಂ..." ಎಂಬ ಒಂದು ಎಳೆ ಮಾತ್ರ ಉಳಿಯಿತು. ಸುದ್ದಿ ಹಬ್ಬಿ ತಂಡದವರೆಲ್ಲ ನೋಡಲು ಬಂದರು. ಅಮ್ಮನಂತೂ ಅಳಿಯನ ಕಡೆ ಹೊಸದಾಗಿ ನೋಡಿ, "ನಿಮ್ಮ ಮಾವ ಗೊರಕೆ ಹೊಡೀತಿದ್ದ ಕಾಲದಲ್ಲಿ ನೀವು ಸಿಗಬಾರದಿತ್ತೇ" ಎಂದು ನಿಟ್ಟುಸಿರು ಬಿಟ್ಟರು.

ಆ ಸಂಜೆಯ ತಾಲೀಮಿನಲ್ಲಿ ನಿರ್ದೇಶಕರು ಕಣ್ಣು ಮುಚ್ಚಿ "ಹ್ಞೂಂ" ಕೇಳಿದರು. ಅವರ ಮೈ ಜುಮ್ಮೆಂದಿತು. "ಸಾವಿನ ದೃಶ್ಯಕ್ಕೆ ಈ ಶ್ರುತಿ ಹಾಕಿದ್ದು ಯಾರಪ್ಪಾ? ಅದ್ಭುತ!"

ಮೂಲೆಯಲ್ಲಿ ಬೆರಳು ನೆಟಿಕೆ ಮುರಿಯುತ್ತ ಕೂತಿದ್ದ ಸಂಗೀತದವನು ಅತ್ತ ಇತ್ತ ನೋಡಿದ. ಯಾರೂ ಬಾಯಿ ಬಿಡದ್ದನ್ನು ಖಾತ್ರಿ ಮಾಡಿಕೊಂಡು ವಿನಯದಿಂದ ತಲೆ ತಗ್ಗಿಸಿದ. "ಸುಮ್ನೆ ಒಂದು ಪ್ರಯತ್ನ ಸಾರ್."

ಅವನ ಧೈರ್ಯಕ್ಕೆ ನಾನು ದಂಗಾದೆ. ಏನೋ ಕಮಟು ವಾಸನೆ ಕೂಡ ಬರುತ್ತಿತ್ತು, ಅದು ಹೊಸ ಬಣ್ಣದ ಡಬ್ಬಿಯದು ಎಂದು ಪ್ರಸಾಧನದವಳ ಮೇಲೆ ಹಾಕಿ ಎಲ್ಲರೂ ನಿರಾಳರಾದರು. ಅಕ್ಕನ ಮಾತು ಮಾತ್ರ ಇನ್ನೂ ಅರ್ಧ "ಹ್ಞೂಂ"ಕಾರದಲ್ಲಿ ಮುಳುಗುತ್ತಿತ್ತು.

"ಯೋಚನೆ ಮಾಡಬೇಡ" ಎಂದರು ಭಾವ. "ಪ್ರದರ್ಶನದ ದಿನ ಇನ್ನೂ ಇಳಿಸ್ತೀನಿ. ನಿಧಾನ ತಿರುಗಿದಷ್ಟೂ ಅದಕ್ಕೂ ಆರಾಮ, ನಮಗೂ ಆರಾಮ." ಈ ಮಾತನ್ನು ಅವರು ಎಷ್ಟು ನಂಬಿಕೆಯಿಂದ ಹೇಳಿದರೆಂದರೆ ನಾನೂ ನಂಬಿದೆ.

ಪ್ರದರ್ಶನದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಅಮ್ಮ. ಅಮ್ಮನ ಪಕ್ಕದಲ್ಲಿ, ಸಾಕ್ಷಾತ್ ಅಗ್ನಿಶಾಮಕದ ಸಾಹೇಬರು. ನಾಟಕ ನೋಡಲು ಬಂದಿದ್ದರೋ ನಮ್ಮನ್ನು ನೋಡಲು ಬಂದಿದ್ದರೋ ಆ ಮೀಸೆಯಿಂದ ತಿಳಿಯುವಂತಿರಲಿಲ್ಲ.

ಬಿರುಗಾಳಿಯ ದೃಶ್ಯ ಬಂತು. ನಾನು ಕೈ ಪಟಪಟ ಆಡಿಸಿದೆ. ಮಿಂಚು ಬೇಕಾದಾಗ ಇಡೀ ಬೋರ್ಡನ್ನೇ ಏರಿಸಿ ಇಳಿಸುವ ಒಂದು ದೊಡ್ಡ ಹಿಡಿಕೆ ಉಂಟು. ಭಾವ ಅದನ್ನು ಎಳೆದಾಡಿದರು. ದೀಪಗಳೆಲ್ಲ ಝಗ್ಗೆಂದವು. ಆದರೆ ಆ ಬೋರ್ಡಿನಲ್ಲಿ ಈಗ ಚಂದ್ರನೂ ಇದ್ದನಲ್ಲ! ಗರ್ರ್ರ್, ಹ್ಞೂಂ, ಗರ್ರ್ರ್, ಹ್ಞೂಂ! ಮಿಂಚಿದಾಗಲೆಲ್ಲ ಫ್ಯಾನು ಗರ್ಜಿಸಿತು. ಹಿಂದಿನ ಸಾಲಿನವರು ಬೆಚ್ಚಿ ಕುರ್ಚಿಯಿಂದ ಎದ್ದೇಬಿಟ್ಟರು. ಒಬ್ಬಾಕೆಯ ತಲೆಯ ಮೇಲಿನ ಸೆರಗು ತಾನಾಗಿ ಎದ್ದು ಹಿಂಗೋಡೆಯ ಕಡೆ ಹೊರಟಿತು. ಜೀವಮಾನದಲ್ಲಿ ಇಂಥ ಗುಡುಗು ಕೇಳಿರದ ಜನ ಚಪ್ಪಾಳೆ ತಟ್ಟಿದರು. ಸಂಗೀತದವನು ಎದ್ದು ನಿಂತು ಕೈಮುಗಿದ. ಸಾಹೇಬರು ಮಾತ್ರ ರಂಗಕ್ಕೆ ಬೆನ್ನು ತಿರುಗಿಸಿ ಹಿಂಗೋಡೆಯನ್ನೇ ದಿಟ್ಟಿಸುತ್ತಿದ್ದರು.

ಕೊನೆಯ ದೃಶ್ಯ. ಹಾಸಿಗೆಯ ಮೇಲೆ ಅಕ್ಕ, ತಲೆದೆಸೆಯಲ್ಲೊಂದು ದೀಪ, ಪಕ್ಕದಲ್ಲಿ ಡಾಕ್ಟರ್. ಭಾವ ಕೊಟ್ಟ ಮಾತಿನಂತೆ ಚಂದ್ರನನ್ನು ಇನ್ನೂ ಕೆಳಗಿಳಿಸಿದರು. ನಾನು ಅತ್ತ ನೋಡಿದೆ. ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಲೆಕ್ಕಕ್ಕೆ ಸಿಗತೊಡಗಿದವು. ಆಮೇಲೆ ಪೂರ್ತಿ ನಿಂತೇಬಿಟ್ಟವು. "ಹ್ಞೂಂ" ಮಾತ್ರ ನಿಲ್ಲಲಿಲ್ಲ. ಸುತ್ತದ ಫ್ಯಾನು ಹಲ್ಲು ಕಚ್ಚಿಕೊಂಡು ನರಳುತ್ತಿತ್ತು, ಮತ್ತು ಅದರ ಬೆನ್ನಿಂದ ತೆಳ್ಳಗೆ, ನೀಲಿಯಾಗಿ, ಹೊಗೆ ಹೊರಟಿತು.

ಯಾರೋ ನನ್ನ ರಟ್ಟೆ ಹಿಡಿದರು. ನಿರ್ದೇಶಕರು! ಅವರ ಕಣ್ಣಲ್ಲಿ ನೀರು. "ಮಂಜು! ಸಮುದ್ರದ ಮಂಜು ತರಿಸಿದ್ದಾನೆ ಕಣೋ ನಿನ್ನ ಭಾವ! ನಾನು ಕೇಳದೇನೇ ತರಿಸಿದ್ದಾನೆ!"

ಅದು ಮಂಜಲ್ಲ ಎಂದು ಹೇಳಲು ನಾನು ಅವರ ಕಡೆ ತಿರುಗಿದೆ. ಆ ಹೊತ್ತಿಗೆ ಅಕ್ಕ ತನ್ನ ಮಾತಿಗೆಂದು ತಲೆಯೆತ್ತಿದಳು. ಬಾಯಿ ತೆರೆದಳು. ಮೂಗು ಅರಳಿತು. ವರ್ಷಗಟ್ಟಲೆ ಕಾದ ಆ ಮಾತಿನ ಬದಲು ಅವಳ ಬಾಯಿಂದ ಬಂದದ್ದು, "ರೀ... ಏನೋ ಸುಟ್ಟ ವಾಸನೆ."

ಅದು ಮುಂದಿನ ಸಾಲಿಗೆ ಮಾತ್ರ ಕೇಳಿಸಿತು. ಅಮ್ಮ ಬಿಕ್ಕಿ ಬಿಕ್ಕಿ ಅತ್ತರು. "ಸಾಯೋ ಹೊತ್ತಲ್ಲೂ ಒಲೆ ಮೇಲಿನ ಪಾತ್ರೆ ಚಿಂತೆ ನನ್ನ ಮಗಳಿಗೆ!" ಪಕ್ಕದಲ್ಲಿದ್ದ ಸಾಹೇಬರು ಅಳಲಿಲ್ಲ. ಚಂಗನೆ ಎದ್ದರು.

"ಬಾಗಿಲು ತೆಗೀರಿ! ಎಲ್ಲ ಬಾಗಿಲೂ ತೆಗೀರಿ!"

ಎತ್ತರದ ಆಳು, ಖಾಕಿ ಬಟ್ಟೆ, ಸಮುದ್ರ ದಾಟಿ ಬಂದಂಥ ಧ್ವನಿ. ಜನ ಉಸಿರು ಬಿಗಿಹಿಡಿದರು. ನಾಲ್ಕನೇ ಸಾಲಿನ ಮುದುಕಿಯೊಬ್ಬಳು ಎದೆ ಮೇಲೆ ಕೈಯಿಟ್ಟು ಕೂಗಿದಳು. "ಬಂದ್ರು! ಕೊನೆಗೂ ಗಂಡ ಬಂದ್ರು!"

ಸಭಾಂಗಣಕ್ಕೆ ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತು. ಹಾಗೆ ಎದ್ದದ್ದೂ, ಗಂಡನನ್ನು ನೋಡುವ ಆಸೆಗೆ ಅವನ ಹಿಂದೆಯೇ ಬಾಗಿಲ ಕಡೆ ನುಗ್ಗಿದ್ದೂ ಒಳ್ಳೆಯದೇ ಆಯಿತು. ಸಾಹೇಬರು ಒಂದು ಕ್ಷಣ ತಬ್ಬಿಬ್ಬಾದರು, ಮೀಸೆ ಮುಟ್ಟಿಕೊಂಡರು, ಆಮೇಲೆ ಏಣಿ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ.

ಗೂಡಿನಲ್ಲಿ ಭಾವ, ಕಿವಿಯಲ್ಲಿ ಹತ್ತಿ, ನನ್ನ ಮುಷ್ಟಿಯನ್ನೇ ಹುಡುಕುತ್ತ ರಂಗದ ಕಡೆ ಕಣ್ಣು ನೆಟ್ಟು ಕೂತಿದ್ದರು. ಬೆನ್ನ ಹಿಂದೆ ಫ್ಯಾನು ಹೊಗೆಯಾಡುತ್ತಿತ್ತು. ಸಾಹೇಬರು ಬೋರ್ಡಿನ ಮೇನನ್ನು ಫಟ್ಟನೆ ಆರಿಸಿ, ಕತ್ತಲಲ್ಲಿ ಟಾರ್ಚು ಹಚ್ಚಿ, ಭಾವನ ಮುಖಕ್ಕೆ ಮುಖವಿಟ್ಟು ಗುಡುಗಿದರು.

"ಏನ್ರೀ ಇದು? ದೀಪದ ಹಿಡಿಕೆಗೆ ಮೋಟಾರು ಕಟ್ಟಿದೀರಾ? ಕರೆಂಟು ಕಮ್ಮಿ ಆದ್ರೆ ದೀಪ ಮಬ್ಬಾಗತ್ತೆ, ಅಷ್ಟೇ! ಮೋಟಾರು ತಿರುಗೋ ಶಕ್ತಿ ಇಲ್ದೆ ನಿಂತ್ಕೊಳತ್ತೆ! ನಿಂತ್ರೂ ಕರೆಂಟು ಎಳೀತಾನೇ ಇರತ್ತೆ, ಒಳಗೊಳಗೇ ಬೇಯತ್ತೆ! ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ರೆ ಬೆಂಕಿ ಹತ್ತಿರೋದು, ಗೊತ್ತಾ?"

ಭಾವ ಅವರ ಕೈ ಹಿಡಿದು ಕುಲುಕಿದರು. "ಥ್ಯಾಂಕ್ಸ್ ಸಾರ್. ಪೂರ್ತಿ ನನ್ನದೇ ಐಡಿಯಾ."

ನಾನು ಭಾವನ ಕಿವಿಯ ಹತ್ತಿ ಕಿತ್ತೆ. ಸಾಹೇಬರು ಎಲ್ಲವನ್ನೂ ಮೊದಲಿನಿಂದ ಹೇಳಿದರು. ಭಾವನ ಮುಖದ ಬಣ್ಣ ಟಾರ್ಚಿನ ಬೆಳಕಲ್ಲೂ ಇಳಿಯುವುದು ಕಾಣಿಸಿತು. ಕೆಳಗೆ ಅಷ್ಟು ಜನ, ಅವರ ನಡುವೆ ಹೆಂಡತಿ, ಅತ್ತೆ. ಅವರು ಹಾಗೇ ಕುಸಿದು ಕೂತರು. ಆ ಹೊತ್ತು ನಗಲು ನನ್ನಿಂದ ಆಗಲಿಲ್ಲ.

ಸಭಾಂಗಣಕ್ಕೆ ಬೀಗ ಬೀಳಲಿಲ್ಲ. ಜೀವನದಲ್ಲಿ ಮೊದಲ ಸಲ ಚಪ್ಪಾಳೆ ತಿಂದ ಸಾಹೇಬರು ಸ್ವಲ್ಪ ಮೆತ್ತಗಾಗಿದ್ದರು. ಫ್ಯಾನು ಸರಿಮಾಡಿ, ನನ್ನೆದುರೇ ಮಾಡಿ, ಆಮೇಲೆ ಆಟ ಆಡಿ ಎಂದರು. ನಿರ್ದೇಶಕರು ಮಾತ್ರ ಮೆತ್ತಗಾಗಲಿಲ್ಲ. ಮುಂದಿನ ಆಟದಲ್ಲೂ ಗಲಾಟೆಯಾದರೆ ಆ ಮಾತು ಡಾಕ್ಟರನದು, ಮುಗೀತು ಎಂದರು. ಡಾಕ್ಟರ್ ಆಗಲೇ ಅದನ್ನು ಬಾಯಿಪಾಠ ಮಾಡಿಕೊಂಡು, ಎದೆ ಬಡಿದುಕೊಂಡು ಹೇಳುವ ಒಂದು ಶೈಲಿಯನ್ನೂ ತಯಾರು ಮಾಡಿದ್ದ.

ಮನೆಯಲ್ಲಿ ಅಕ್ಕ ಬೈಯಲಿಲ್ಲ. ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು. ಅವಳು ತಟ್ಟೆ ತಂದಿಟ್ಟು ಒಳಗೆ ಹೋದಳು, ಕಸ ಗುಡಿಸುತ್ತ ಒಳಗೆ ಹೋದಳು. ಬಚ್ಚಲಲ್ಲಿ ತುಟಿ ಆಡಿಸುವುದನ್ನೂ ಬಿಟ್ಟಳು. ಭಾವ ಅದನ್ನು ನೋಡಿ ನೋಡಿ ಒಂದು ಬೆಳಿಗ್ಗೆ ಉಣ್ಣದೆಯೇ ಎದ್ದು ಅಗ್ನಿಶಾಮಕದ ಕಚೇರಿಗೆ ಹೋಗಿ ಸಾಹೇಬರ ಮೇಜಿನ ಮುಂದೆ ಕೈಕಟ್ಟಿ ನಿಂತರು.

"ಸಾರ್, ಫ್ಯಾನನ್ನ ಸುಡದೇ ನಿಧಾನ ಮಾಡೋದು ಹೇಗೆ, ಹೇಳಿಕೊಡಿ."

ಇಷ್ಟು ವರ್ಷದ ನೌಕರಿಯಲ್ಲಿ ಸಾಹೇಬರನ್ನು ಯಾರೂ ಏನನ್ನೂ ಹೇಳಿಕೊಡಿ ಎಂದು ಕೇಳಿರಲಿಲ್ಲವಂತೆ. ಅವರು ಟೋಪಿ ಹಾಕಿಕೊಂಡು ಭಾವನ ಜೊತೆ ಸ್ವತಃ ಅಂಗಡಿಗೆ ಹೊರಟರು. ಸುಟ್ಟ ಫ್ಯಾನಿನ ಜಾಗಕ್ಕೆ ಹೊಸದು ಬಂತು. ಅದರ ಜೊತೆಗೆ ಆ ಮೋಟಾರಿಗೆಂದೇ ಮಾಡಿದ ರೆಗ್ಯುಲೇಟರು ಬಂತು. ಚಂದ್ರ, ಸೂರ್ಯ ಯಾರ ಸಹವಾಸವೂ ಇಲ್ಲದ ಬೇರೆ ಲೈನು, ಬೇರೆ ಸ್ವಿಚ್ಚು. ಎಲೆಕ್ಟ್ರಿಷಿಯನ್ ಏಣಿ ಹತ್ತಿದ, ಸಾಹೇಬರು ಕೆಳಗೆ ನಿಂತು ಭಾವನಿಗೆ ಪಾಠ ಒಪ್ಪಿಸಲು ಹೇಳಿದರು.

"ಮೊದಲು?"

"ಮೇನ್ ಆಫ್ ಸಾರ್."

"ಆಫ್ ಆಗಿದೆ ಅಂತ ಹೇಗೆ ಗೊತ್ತು?"

"ಟೆಸ್ಟರ್ ಇಟ್ಟು ನೋಡಬೇಕು ಸಾರ್. ಬೆರಳಿಟ್ಟು ನೋಡಬಾರದು."

"ಶುರು ಮಾಡೋವಾಗ?"

"ಪೂರ್ತಿ ಸ್ಪೀಡಿಗೆ ಇಟ್ಟು ಆನ್ ಮಾಡಬೇಕು. ತಿರುಗಿದ ಮೇಲೆ ಇಳಿಸಬೇಕು."

"ಎಲ್ಲಿವರೆಗೆ ಇಳಿಸಬಹುದು?"

"ಈ ಗುಂಡಿ ನಿಲ್ಲೋವರೆಗೆ. ಅದಕ್ಕಿಂತ ಕೆಳಗೆ ಅದೇ ಇಳಿಯಲ್ಲ ಸಾರ್, ಅಲ್ಲೂ ಫ್ಯಾನು ತಿರುಗ್ತಾನೇ ಇರತ್ತೆ."

"ನಿಂತು ಗುಂಯ್ ಅಂದ್ರೆ?"

"ತಕ್ಷಣ ಆರಿಸಬೇಕು ಸಾರ್. ಸಂಗೀತ ಅಂದ್ಕೋಬಾರದು."

ಗುಂಡಿ ತಿರುಗಿಸಿದರು. ಫ್ಯಾನು ನಿಧಾನಕ್ಕೆ ಬಂತು. ರೆಕ್ಕೆ ಆಡುತ್ತಿತ್ತು, ಗಾಳಿ ಹೋಗುತ್ತಿತ್ತು, ಆದರೆ ಸದ್ದಿಲ್ಲ. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತಿತ್ತು, ಅದೇ ಒಂದು ಗಾಬರಿ. ನಿರ್ದೇಶಕರು ಆ ಹಳೇ ಶ್ರುತಿ ಮತ್ತೆ ಬೇಕು ಎಂದರು. ಸಂಗೀತದವನಿಗೆ ಅಲ್ಲೇ ಜ್ವರ ಬಂತು.

ಮತ್ತೆ ಆಟ, ಮತ್ತೆ ಕಿಕ್ಕಿರಿದ ಜನ. ಮುಂದಿನ ಸಾಲಿನಲ್ಲಿ ಅಮ್ಮ, ಸಾಹೇಬರು. ಡಾಕ್ಟರನಿಗೆ ನಿರ್ದೇಶಕರ ಅಪ್ಪಣೆಯಾಗಿತ್ತು, ಅಕ್ಕನ ಮಾತು ಕೇಳಿಸದಿದ್ದರೆ ಆ ಕ್ಷಣವೇ ನೀನು ಹೇಳಿಬಿಡು ಎಂದು. ಅವನು ಮೊದಲ ದೃಶ್ಯದಿಂದಲೇ ಎದೆಯ ಮೇಲೆ ಕೈಯಿಟ್ಟುಕೊಂಡು ಸಿದ್ಧನಾಗಿದ್ದ.

ಗೂಡಿನಲ್ಲಿ ಭಾವ ಕಿವಿಯಲ್ಲಿ ಹತ್ತಿಯಿಲ್ಲದೆ ಕೂತಿದ್ದರು. ನಾಟಕ ಶುರುವಾಗಿ ಸ್ವಲ್ಪ ಹೊತ್ತಿಗೇ ನನಗೆ ಏನೋ ಎಡವಟ್ಟಾಗಿದೆ ಎನ್ನಿಸಿತು. ನಾನು ಅಂಗೈ ಬಿಚ್ಚಿದರೆ ಬೆಳಕು ತಡವಾಗಿ ಬರುತ್ತಿತ್ತು. ನೋಡುತ್ತೇನೆ, ಭಾವ ಕಟಕಟೆಯ ಮೇಲೆ ಬಗ್ಗಿ, ಬಾಯಿ ಬಿಟ್ಟುಕೊಂಡು ನಾಟಕ ಕೇಳುತ್ತಿದ್ದಾರೆ! ಇಷ್ಟು ವರ್ಷದಲ್ಲಿ ಅವರ ಕಿವಿಗೆ ಬಿದ್ದ ಮೊದಲ ನಾಟಕ ಅದು. ಹಡಗು ಹೊರಟಾಗ "ಹೋಗಬೇಡವೋ!" ಎಂದು ಒಮ್ಮೆ ಮೇಲಿನಿಂದ ಕೇಳಿಸಿತು. ಜನ ತಿರುಗಿ ನೋಡಿದರು.

ಕೊನೆಯ ದೃಶ್ಯ. ಅಕ್ಕ ದಿಂಬಿನಿಂದ ತಲೆಯೆತ್ತಿದಳು. ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ಡಾಕ್ಟರ್ ಎದೆ ಬಡಿದುಕೊಳ್ಳಲು ಕೈಯೆತ್ತಿದ. ಅಕ್ಕ ಮೆಲ್ಲಗೆ, ನಮ್ಮ ಮನೆಯ ಬಚ್ಚಲಲ್ಲಿ ಹೇಳುತ್ತಿದ್ದಷ್ಟೇ ಮೆಲ್ಲಗೆ ಹೇಳಿದಳು.

"ದೀಪ ಆರಿಸಬೇಡಿ. ಅವರು ಇನ್ನೂ ಬಂದಿಲ್ಲ."

ಕೊನೇ ಸಾಲಿನ ತನಕ ಕೇಳಿಸಿತು. ಡಾಕ್ಟರನ ಕೈ ಗಾಳಿಯಲ್ಲೇ ನಿಂತಿತು. ಸಾಹೇಬರು ಕರವಸ್ತ್ರ ತೆಗೆದು ಮೀಸೆ ಒರೆಸಿಕೊಂಡರು. ಅಮ್ಮ ಅಳುವುದನ್ನೇ ಮರೆತು ಕೂತರು. ಅಕ್ಕನ ತಲೆ ದಿಂಬಿಗೆ ಒರಗಿತು, ಕಣ್ಣು ಮುಚ್ಚಿತು. ಇನ್ನು ಕತ್ತಲಾಗಬೇಕು. ನಾನು ಮೆಲ್ಲಗೆ ಮುಷ್ಟಿ ಕಟ್ಟಿದೆ.

ಬೆಳಕು ಹಾಗೇ ಇತ್ತು.

ಮತ್ತೆ ಅಂಗೈ ಬಿಚ್ಚಿ ಮತ್ತೆ ಮುಷ್ಟಿ ಕಟ್ಟಿದೆ. ಎರಡೂ ಕೈಯ ಮುಷ್ಟಿ ಕಟ್ಟಿದೆ. ದೀಪದ ಒಂದು ಎಳೆಯೂ ಕುಗ್ಗಲಿಲ್ಲ. ಸತ್ತ ಅಕ್ಕ ಪ್ರಖರ ಬೆಳಕಿನಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದಳು. ನಿರ್ದೇಶಕರು ನನ್ನ ಬೆನ್ನಿಗೆ ಗುದ್ದಿ "ಆರಿಸೋಕೆ ಹೇಳೋ ಅವನಿಗೆ!" ಎಂದು ಹಲ್ಲು ಕಚ್ಚಿದರು. ಅದು ಕೂಡ ಕೊನೇ ಸಾಲಿಗೆ ಕೇಳಿಸಿತು.

ಭಾವ ಗೂಡಿನಲ್ಲಿ ಎದ್ದು ನಿಂತಿದ್ದರು. ಎರಡೂ ಕೈ ಹಿಡಿಕೆಗಳಿಂದ ದೂರ, ಕೆನ್ನೆಯ ಮೇಲೆ ಧಾರಾಕಾರ ಕಣ್ಣೀರು.

"ಆರಿಸಲ್ಲ!" ಎಂದು ಅವರು ಅಲ್ಲಿಂದಲೇ ಕೂಗಿದರು. "ಬೇಡ ಅಂತ ಬಾಯಿಬಿಟ್ಟು ಹೇಳಿದಳಲ್ಲ, ನಿಮಗೆ ಯಾರಿಗೂ ಕೇಳಿಸಲೇ ಇಲ್ವಾ?"

ಇಡೀ ಸಭಾಂಗಣ ಹಿಂದಕ್ಕೆ ತಿರುಗಿ ಭಾವನನ್ನು ನೋಡಿತು. ನಾನೊಬ್ಬ ರಂಗದ ಕಡೆ ನೋಡುತ್ತಿದ್ದೆ. ಅಷ್ಟು ಬೆಳಕಿನಲ್ಲಿ, ಸತ್ತು ಮಲಗಿದ್ದಲ್ಲೇ, ಅಕ್ಕ ನಗುತ್ತಿದ್ದಳು.